ಸಸಿಮಡಿಯ ಚಿಪ್ಪು

ಅಣೆ ಒಡೆದ ದಿನ ಬೆಳಿಗ್ಗೆ ನಾನು ಅಂಟಕ್ಕಿಯನ್ನು ಹಬೆಗೆ ಇಟ್ಟು ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಹೊಳೆಯ ಸದ್ದು ಯಾಕೋ ಬೇರೆಯಾಗಿ ಕೇಳಿಸಿತು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು, ಒಂಚೂರು ಹೆಚ್ಚು ಕಡಿಮೆಯಾದರೂ ಗೊತ್ತಾಗುತ್ತದೆ. ಅಷ್ಟರಲ್ಲಿ ನನ್ನ ಅಣ್ಣ ಸೇನ್ ಕೆಸರು ಮೆತ್ತಿದ ಕಾಲಲ್ಲೇ ಓಡಿ ಬಂದ. ಅವನು ನಮ್ಮೂರ ನೀರುಗಂಟಿ. ಬೆಟ್ಟದ ಬುಡದಲ್ಲಿ ಹೊಳೆಗೆ ಅಡ್ಡವಾಗಿ ಗೂಟ ಬಡಿದು, ಕಲ್ಲು ಸೊಪ್ಪು ತುಂಬಿ ಕಟ್ಟಿದ ಅಣೆಯೂ, ಅದರಿಂದ ಹೊರಡುವ ಕಾಲುವೆಗಳೂ ಅವನ ಕಾವಲಿನಲ್ಲಿದ್ದವು. ತಳದಲ್ಲಿ ತೂತು ಕೊರೆದ ತೆಂಗಿನ ಚಿಪ್ಪನ್ನು ನೀರಿನ ಮಡಕೆಯಲ್ಲಿ ತೇಲಿಬಿಟ್ಟು, ಅದು ಮುಳುಗುವ ತನಕ ಇವನ ಗದ್ದೆಗೆ, ಆಮೇಲೆ ಅವನ ಗದ್ದೆಗೆ ಎಂದು ಊರಿಗೆಲ್ಲ ನೀರು ಹಂಚುವವನು ಅವನೇ.

"ಅಣೆ ಹೋಯ್ತು," ಅಂದ. ಕೂರಲಿಲ್ಲ. "ಇಂತಾ ಎಲ್ಲಿ?"

ಇಂತಾ ನನ್ನ ಗಂಡ.

"ಗದ್ದೆಗೆ ಹೋದ್ರು. ಯಾಕಣ್ಣ?"

ಅವನು ನನ್ನ ಮುಖ ನೋಡಲಿಲ್ಲ, ಒಲೆಯ ಕಡೆ ನೋಡಿದ. "ಅಕ್ಕಿ ಸೀದು ಹೋದೀತು, ನೋಡ್ಕೊ," ಅಂದು ಇಳಿದು ಹೋದ. ಹೆಂಡತಿ ಸತ್ತ ಮೇಲೆ ಮೂರು ಹೊತ್ತೂ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದವನು ಅಂದು ಊಟದ ಹೊತ್ತಿಗೂ ಬರಲಿಲ್ಲ.

ಅಣೆ ಒಡೆದದ್ದು ನಮ್ಮ ಕಾಲುವೆಯ ಬಾಯಿಗೆ ಸರಿಯಾಗಿ ಎದುರಿಗೆ, ನುಗ್ಗಿದ ನೀರು ಅದರೊಳಕ್ಕೇ ಹರಿದಿತ್ತು. ಊರವರ ಗದ್ದೆಗಳಲ್ಲಿ ಹಿಂದಿನ ದಿನ ನೆಟ್ಟ ಸಸಿಗಳು ಕೆಸರು ಒಣಗಿ ಬಾಗಿದ್ದವು. ನಮ್ಮ ಕಣಿವೆಯನ್ನು ಆಳುವ ಒಡೆಯನ ಗದ್ದೆಗಳೂ ಹಾಗೇ. ನಮ್ಮ ಗದ್ದೆಯೊಂದು ಮಾತ್ರ ಬದು ಮುಳುಗುವಷ್ಟು ತುಂಬಿ ಹೊಳೆಯುತ್ತಿತ್ತು. ಹೊಟ್ಟೆ ಹಸಿದ ಜನ ಹೊಟ್ಟೆ ತುಂಬಿದವನನ್ನೇ ಕಳ್ಳ ಅನ್ನುವುದು. ಇದಕ್ಕೆ ನಾನು ಯಾರನ್ನೂ ದೂರುವುದಿಲ್ಲ.

ಮಧ್ಯಾಹ್ನ ವಿಹಾರದ ಅಂಗಳದಲ್ಲಿ ಊರು ಸೇರಿತು. ಒಡೆಯನ ಪಾರುಪತ್ಯಗಾರ ಖುನ್ ಲಾ ಚಾಪೆಯ ನಡುವೆ ಕೂತ. ಒಡೆಯನ ಹೆಸರು ಹೇಳಿಕೊಂಡು ನಮ್ಮೂರ ಕೋಳಿಗಳನ್ನೆಲ್ಲ ತಿಂದು ಬೆಳೆದ ದೇಹ ಅದು. ಅವನ ಪಕ್ಕದಲ್ಲಿ ಫೊಮ್ಮಿನ್. ಈತ ಹೊಸ ನಗರದಿಂದ ಬಂದವನು, ಹರಿಪುಂಜಯದಲ್ಲಿ ಮೋನ್ ಭಿಕ್ಷುಗಳ ಬಳಿ ಧರ್ಮಶಾಸ್ತ್ರ ಓದಿ, ಆಮೇಲೆ ಕಾವಿ ಬಿಟ್ಟು ಸಂಸಾರಿಯಾದವನು. ಊರೂರಿನ ಕಟ್ಟಳೆಗಳನ್ನು ಕೇಳಿ ಓಲೆಯಲ್ಲಿ ಬರೆದು ತರಲು ದೊರೆ ಅವನನ್ನು ಕಳಿಸಿದ್ದ. ಆಗ ನಮ್ಮ ಕಣಿವೆಯಲ್ಲಿ ಬರೆದ ಕಟ್ಟಳೆ ಅಂತ ಒಂದಕ್ಷರ ಇರಲಿಲ್ಲ, ಮುದುಕರ ಬಾಯೇ ಕಟ್ಟಳೆ. ಫೊಮ್ಮಿನ್ ಆ ವಾರವೆಲ್ಲ ಅವರ ಜೊತೆ ಕೂತು, ಅವರು ಉಪ್ಪು ಹಚ್ಚಿ ಜಗಿಯುವ ಹುಳಿ ಚಹಾ ಎಲೆಯನ್ನು ತಾನೂ ಜಗಿದು, ತಲೆ ಕೆರೆದುಕೊಂಡಿದ್ದ. ಮೂರು ಮುದುಕರು ಸೇರಿದರೆ ನಾಲ್ಕು ಕಟ್ಟಳೆ. ಊರಿಗೆ ಬಂದ ಪಂಡಿತ, ದೊರೆಯ ಕಡೆಯವನು ಬೇರೆ, ಹಾಗಾಗಿ ನ್ಯಾಯ ನಡೆಸುವ ಕೆಲಸ ಅವನ ತಲೆಗೇ ಬಂತು.

"ನೀರುಗಂಟಿ, ನೀನು ಏನು ನೋಡ್ದೆ?" ಫೊಮ್ಮಿನ್ ಕೇಳಿದ.

ಸೇನ್ ನಿಂತ. "ನಿನ್ನೆ ಹೊತ್ತು ಮುಳುಗೋ ಹೊತ್ತಲ್ಲಿ ಇಂತಾ ಅಣೆ ಮೇಲಿದ್ದ. ಕೈಯಲ್ಲಿ ಗುದ್ದಲಿ ಇತ್ತು. ಬಗ್ಗಿ ಗೂಟದ ಹತ್ತಿರ ಏನೋ ಮಾಡ್ತಿದ್ದ."

ಅಂಗಳ ಗುಜುಗುಜು ಅಂದಿತು. ಇಂತಾ ಎದ್ದು ನಿಂತು ಮೊದಲು ಒಂದಷ್ಟು ಕೆಮ್ಮಿದ. ಆ ಚಳಿಗಾಲದಿಂದ ಕೆಮ್ಮು ಅವನ ಎದೆ ಬಿಟ್ಟಿರಲಿಲ್ಲ.

"ಗದ್ದೆ ಕೆಲಸ ಮುಗಿಸಿ ಗುದ್ದಲಿ ಹಿಡ್ಕೊಂಡೇ ಹೋಗಿದ್ದು ನಿಜ. ಗೂಟದ ಸಂದೀಲಿ ಮೀನಿನ ಬುಟ್ಟಿ ಕಟ್ಟೋಕೆ ಹೋಗಿದ್ದೆ. ಅಣೆಗೆ ಬುಟ್ಟಿ ಕಟ್ಬಾರ್ದು, ಅದು ತಪ್ಪು, ಒಪ್ಕೋತೀನಿ. ಅಣೆ ನಾನು ಒಡೆದಿಲ್ಲ."

"ಬುಟ್ಟಿ ಎಲ್ಲಪ್ಪಾ?" ಖುನ್ ಲಾ ಕೇಳಿದ.

"ಅಣೆ ಜೊತೆ ಹೋಯ್ತು."

"ಮೀನು?"

ನಾಲ್ಕು ಜನ ನಕ್ಕರು. ಇಂತಾ ಅವಮಾನ ನುಂಗಿಕೊಂಡ. "ರಾತ್ರಿ ಮೇಲೆ ಬೆಟ್ಟದಲ್ಲಿ ಮಳೆ ಹೊಯ್ದಿದೆ ಸ್ವಾಮಿ. ನೆರೆ ಬಂದಿರ್ಬೇಕು."

"ಬಂದ ನೆರೆ ನಿನ್ನ ಕಾಲುವೆ ಎದುರಿಗೇ ಒಡೀತಾ? ನೆರೆಗೂ ನಿನಗೂ ನೆಂಟಸ್ತನವಾ?" ಅಂದ ಖುನ್ ಲಾ. ಈ ಸಲ ಎಲ್ಲರೂ ನಕ್ಕರು.

ಅಣೆ ಒಡೆದವನ ತಲೆಯನ್ನು ಅಣೆಯ ಮೇಲೇ ತೆಗೆಯಬೇಕು, ಅವನ ಹೆಂಡತಿ ಮಕ್ಕಳು ಒಡೆಯನ ಮನೆಯ ತೊತ್ತುಗಳಾಗಬೇಕು. ಸುಳ್ಳು ದೂರು ಕೊಟ್ಟವನಿಗೂ ಅದೇ ತಲೆದಂಡ. ಇದರಲ್ಲಿ ಮಾತ್ರ ಮುದುಕರಿಗೆಲ್ಲ ಒಂದೇ ಬಾಯಿ. ನೋಡಿದವನು ಒಬ್ಬ, ಅಲ್ಲ ಅನ್ನುವವನು ಒಬ್ಬ, ಮೂರನೆಯ ಸಾಕ್ಷಿ ಇಲ್ಲ. ಹಾಗಾದರೆ ನೀರೇ ಹೇಳಬೇಕು. ಮಡುವಿನಲ್ಲಿ ಎರಡು ಗೂಟ ನೆಟ್ಟು ಇಬ್ಬರನ್ನೂ ಮುಳುಗಿಸುವುದು, ಗೂಟ ಹಿಡಿದು ತಳದಲ್ಲಿ ಕೂರುವುದು. ಸುಳ್ಳನನ್ನು ದೈವಗಳು ಮೇಲಕ್ಕೆ ನೂಕುತ್ತವೆ, ಸತ್ಯವಂತನನ್ನು ಕೆಳಗೆ ಹಿಡಿದುಕೊಳ್ಳುತ್ತವೆ. ಎಷ್ಟು ಹೊತ್ತು ಹಿಡಿದುಕೊಳ್ಳುತ್ತವೆ ಎಂದು ಯಾರೂ ಯಾವತ್ತೂ ಕೇಳಿರಲಿಲ್ಲ.

ಸಭೆ ಚದುರುವಾಗ ನಾನು ಅಣ್ಣನ ಹೆಗಲ ಬಟ್ಟೆ ಹಿಡಿದು ಜಗ್ಗಿದೆ.

"ನಿನ್ನ ಕಣ್ಣಿಗೆ ಮಣ್ಣು ಬೀಳ! ಆ ಹೊತ್ತಲ್ಲಿ ಬೇರೆ ಕಡೆ ನೋಡ್ಬಾರ್ದಿತ್ತಾ?"

"ನಾನು ನೀರುಗಂಟಿ ಕಣೆ. ನೋಡಿದ್ದನ್ನ ನೋಡಿಲ್ಲ ಅಂದ್ರೆ ಊರಿಗೆಲ್ಲ ನಾನೇ ಕಳ್ಳ ಆಗ್ತೀನಿ."

"ಒಡೆದಿದ್ದನ್ನ ನೋಡಿದ್ಯಾ?"

"ಗುದ್ದಲಿ ನೋಡ್ದೆ."

"ಗುದ್ದಲಿ ನೋಡಿ, ತಂಗಿ ಕೈಗೆ ಕಟ್ಟಿದ ಮದುವೆ ದಾರ ಹರಿಯೋಕೆ ಬಂದೆ. ಹೋಗು, ಅವನ ತಲೆ ತೆಗೆಸಿ ನಿನ್ನ ತೂಬಿಗೆ ಬಿರಡೆ ಮಾಡ್ಕೊ," ಅಂದೆ. ಅವನ ಕಣ್ಣಲ್ಲಿ ನೀರು ಬಂತು. ನನಗೆ ಅಯ್ಯೋ ಅನ್ನಿಸಲಿಲ್ಲ. ಅವನು ಸುಳ್ಳು ಹೇಳುವವನಲ್ಲ ಎಂಬುದೇ ನನ್ನ ಸಂಕಟವಾಗಿತ್ತು. ಇಂತಾನೂ ಸುಳ್ಳು ಹೇಳುವವನಲ್ಲ. ಅಣ್ಣ ಗೆದ್ದರೆ ಗಂಡನಿಲ್ಲ, ನಾನೂ ಮಗಳೂ ತೊತ್ತುಗಳು. ಗಂಡ ಗೆದ್ದರೆ ಅಣ್ಣನಿಲ್ಲ. ಯಾವ ದೈವಕ್ಕೆ ಏನೆಂದು ಹರಕೆ ಹೊರಲಿ?

ದೈವದ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮಲ್ಲಿ ಮನೆದೈವ ಹೆಣ್ಣಿನಿಂದ ಹೆಣ್ಣಿಗೆ ಬರುವುದು. ಅಮ್ಮ ಸತ್ತ ಮೇಲೆ ನಮ್ಮ ದೈವದ ಹಲಗೆ ನನ್ನ ಹಾಸಿಗೆಯ ತಲೆಯ ಕಡೆ ಗೋಡೆಗೆ ಬಂತು, ಹೂವು ನೀರು ಇಡುವವಳು ನಾನು. ಸೇನ್ ಹುಟ್ಟಿನಿಂದ ಆ ದೈವತಾಯಿಯ ಮಗ. ಇಂತಾ ಕೋಳಿ ಮತ್ತು ಅಕ್ಕಿಯ ಹೆಂಡ ಇಟ್ಟು, ಅವಳ ಅಪ್ಪಣೆ ಪಡೆದು ನಮ್ಮ ಮನೆಗೆ ಬಂದ ಅಳಿಯ. ಅವನನ್ನು ಕರೆತಂದು ಅವಳ ಮುಂದೆ ಕೂರಿಸಿದವನು ಇದೇ ಸೇನ್.

ಮೂರು ದಿನ ಇಬ್ಬರನ್ನೂ ವಿಹಾರದ ಚಾವಡಿಯಲ್ಲಿ ಬೇರೆಬೇರೆ ಮೂಲೆಯಲ್ಲಿ ಕಾವಲಿನಲ್ಲಿಟ್ಟರು. ಇಬ್ಬರಿಗೂ ಒಂದೇ ಕೈಯಡುಗೆ ಕೊಡಬೇಕು, ಅದೂ ಕಟ್ಟಳೆ. ಬೇರೆ ಯಾರ ಕೈ? ನಾನೇ ಒಂದೇ ಬುಟ್ಟಿಯಿಂದ ಅನ್ನ ತೆಗೆದು, ಒಂದು ಮುದ್ದೆ ಈ ಮೂಲೆಗೆ, ಒಂದು ಮುದ್ದೆ ಆ ಮೂಲೆಗೆ ಕೊಟ್ಟು ಬರುತ್ತಿದ್ದೆ. ಕೊನೆಯ ದಿನ ಸಂಜೆ ಇಂತಾ ಮುದ್ದೆ ಮುರಿಯದೆ ಕೂತಿದ್ದ.

"ನನ್ನ ಉದ್ದನೆ ಬಿಳಿ ಸೊಂಟಪಟ್ಟಿ ಕಳಿಸು," ಅಂದ. "ನೀರು ತಣ್ಣಗಿರುತ್ತೆ."

"ಒದ್ದೆ ಪಟ್ಟಿಯಿಂದ ಬೆಚ್ಚಗಾಗುತ್ತಾ? ಕೆಮ್ಮು ಬಂದ್ರೆ ಏನು ಮಾಡ್ತೀರಿ ನೀರಲ್ಲಿ?"

"ಕೆಮ್ಮಲಿ. ನಾನು ಮೇಲೆ ಬರಲ್ಲ ಕಣೆ."

"ಬರಲ್ಲ ಅಂದ್ರೆ?"

"ಅವನಿಗಿಂತ ಮೊದಲು ಬರಲ್ಲ ಅಂದೆ. ನೀನೂ ಮಗೂನೂ ಇನ್ನೊಬ್ಬರ ಅಂಗಳ ಗುಡಿಸೋದನ್ನ ನಾನು ನೋಡಲ್ಲ." ಅನ್ನ ಬಾಯಿಗಿಟ್ಟುಕೊಂಡು ನಕ್ಕ. ಗಂಡಸರ ಒಣ ಜಂಬ ಅಂದುಕೊಂಡೆ. ಪಟ್ಟಿ ಕಳಿಸಿದೆ.

ಆ ಮೂಲೆಯಲ್ಲಿ ಸೇನ್ ತನ್ನ ಚಿಪ್ಪುಗಳ ಗೊಂಚಲನ್ನು ಸೊಂಟದಿಂದ ಬಿಚ್ಚಿ ನನ್ನ ಮಡಿಲಿಗೆ ಹಾಕಿದ. "ನಾನಿಲ್ದಿದ್ರೆ ಮುಂದಿನ ನೀರುಗಂಟಿಗೆ ಕೊಡು. ಈ ಚಿಕ್ಕದು ಸಸಿಮಡಿದು, ಬೇಗ ಮುಳುಗುತ್ತೆ. ಬೇರೆದರ ಜೊತೆ ಬೆರೆಸ್ಬೇಡ ಅಂತ ಹೇಳು." ತಲೆ ಹೋಗುವ ಹೊತ್ತಿನಲ್ಲೂ ಅವನಿಗೆ ಊರ ನೀರಿನದೇ ಚಿಂತೆ. ಅಂಥವನನ್ನು ದ್ವೇಷಿಸುವುದು ಹೇಗೆ ಹೇಳಿ?

ಬೆಳಿಗ್ಗೆ ಒಡೆದ ಅಣೆಯ ಕೆಳಗಿನ ಮಡುವಿನ ಸುತ್ತ ಊರೇ ನೆರೆದಿತ್ತು. ಎರಡು ಗೂಟ, ನಡುವೆ ಒಂದು ತೋಳಿನಷ್ಟು ಅಂತರ. ತಲೆ ತೊಳೆದುಕೊಂಡು, ಬಿಳಿ ಬಟ್ಟೆಯಲ್ಲಿ ಇಬ್ಬರೂ ಎದೆಮಟ್ಟದ ನೀರಿಗೆ ಇಳಿದರು. ಇಬ್ಬರ ಸೊಂಟಕ್ಕೂ ಹಗ್ಗ ಕಟ್ಟಿ ದಡದಲ್ಲಿ ಇಬ್ಬರು ಆಳುಗಳು ಹಿಡಿದುಕೊಂಡಿದ್ದರು. ಅದು ಹೆಣ ಎಳೆಯುವುದಕ್ಕೆ. ತಲೆ ಮೇಲೆ ಬರುವ ಮೊದಲು ಯಾರ ಕಡೆಯವರು ಹಗ್ಗ ಜಗ್ಗಿದರೂ ಅವರದೇ ಸೋಲು ಎಂದು ಖುನ್ ಲಾ ಕೂಗಿ ಹೇಳಿದ. ಹೇಳುವಾಗ ನನ್ನನ್ನೇ ನೋಡಿದ.

ಫೊಮ್ಮಿನ್ ಕೈ ಮುಗಿದು ದೈವಗಳನ್ನು ಕರೆಯತೊಡಗಿದ. ಸೂರ್ಯನನ್ನು, ಹೊಳೆಯನ್ನು, ಅಣೆಯ ಕಾವಲು ದೈವವನ್ನು, ಬೆಟ್ಟದವನನ್ನು ಕರೆದ. ಕೊನೆಗೆ, "ಸೇನನ ಮನೆದೈವವೇ, ಬಂದು ಇವನ ಪಕ್ಕ ನಿಲ್ಲು. ಇಂತಾನ ಮನೆದೈವವೇ, ಬಂದು ಇವನ ಪಕ್ಕ ನಿಲ್ಲು," ಅಂದ.

ನನ್ನ ಹಿಂದಿದ್ದ ಮುದುಕಿಯೊಬ್ಬಳು, "ಅಯ್ಯೋ, ಅದು ಒಂದೇ ದೈವ ಅಲ್ವೇನೇ?" ಅಂದಳು. ಫೊಮ್ಮಿನನಿಗೂ ಕೇಳಿಸಿರಬೇಕು, ಬಾಯಿ ತೆರೆದವನು ತಡೆದ. ಪರವೂರಿನವನು, ಯಾರು ಯಾರ ಮನೆಯ ಅಳಿಯ ಅಂತ ಅವನಿಗೇನು ಗೊತ್ತು? ಗೊತ್ತಿದ್ದ ಮುದುಕರು ಬಾಯಿಬಿಟ್ಟಿರಲಿಲ್ಲ.

"ಬಿಸಿಲು ಏರ್ತಿದೆ," ಖುನ್ ಲಾ ಅವಸರ ಮಾಡಿದ. "ಜಾಗಟೆ ಹೊಡೀರಿ."

ಜಾಗಟೆ ಬಾರಿಸಿದರು. ಎರಡು ತಲೆಗಳೂ ನೀರೊಳಗೆ ಹೋದವು.

ಕೈ ಸುಮ್ಮನಿರಲಾರದೆ ನಾನು ಪಕ್ಕದಲ್ಲಿದ್ದ ಮಡಕೆಗೆ ನೀರು ಮೊಗೆದು ಸಸಿಮಡಿಯ ಚಿಪ್ಪನ್ನು ತೇಲಿಬಿಟ್ಟೆ. ಯಾಕೆ ಬಿಟ್ಟೆನೋ. ನೀರಿನ ಕೆಲಸ ನಡೆಯುವಾಗ ಚಿಪ್ಪು ತೇಲುತ್ತಿರಬೇಕು, ನಮ್ಮ ಮನೆಯಲ್ಲಿ ಅದೇ ರೂಢಿ. ತೂತಿನಿಂದ ಚಿಪ್ಪಿನೊಳಗೆ ನೀರು ಸಣ್ಣಗೆ ಚಿಮ್ಮುತ್ತಿತ್ತು. ಅದನ್ನು ನೋಡುವುದು, ಮಡುವನ್ನು ನೋಡುವುದು, ಮತ್ತೆ ಅದನ್ನು ನೋಡುವುದು. ಇಂತಾನ ಗೂಟದ ಹತ್ತಿರ ಗುಳ್ಳೆಗಳು ಎದ್ದವು, ಮೊದಲು ಒಂದೊಂದು, ಆಮೇಲೆ ಗೊಂಚಲಾಗಿ. ಕೆಮ್ಮುತ್ತಿದ್ದಾನೆ, ನೀರೊಳಗೆ ಕೆಮ್ಮುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು. ಜನ ಕತ್ತು ಚಾಚಿದರು. ಈಗ ಬರುತ್ತಾನೆ, ಈಗ ಬಂದ ಅಂದರು. ಬರಲಿಲ್ಲ. ಗುಳ್ಳೆ ನಿಂತುಹೋಯಿತು.

ಚಿಪ್ಪಿನ ಅಂಚಿಗೆ ನೀರು ಬಂದಿತ್ತು. ಸೇನನ ಕಡೆಯೂ ಒಂದೆರಡು ಗುಳ್ಳೆ ಎದ್ದವು. ಅವನೂ ಬರಲಿಲ್ಲ.

ಆಗ ನನಗೆ ಹೊಳೆಯಿತು. ಇಬ್ಬರೂ ಸತ್ಯ ಹೇಳಿದ್ದರೆ? ಇಬ್ಬರನ್ನೂ ದೈವ ಕೆಳಗೇ ಹಿಡಿದುಕೊಂಡರೆ? ಒಬ್ಬ ಸುಳ್ಳ ಇದ್ದೇ ಇರುತ್ತಾನೆ ಎಂದು ನಂಬಿ ನಮ್ಮ ಹಿರಿಯರು ಈ ಕಟ್ಟಳೆ ಕಟ್ಟಿದ್ದರು.

ಚಿಪ್ಪು ಟುಳುಕ್ ಎಂದು ಮುಳುಗಿ ಮಡಕೆಯ ತಳ ಸೇರಿತು.

"ಎಳೀರಿ!" ಎಂದು ಕಿರುಚಿದೆ. "ಇಬ್ಬರೂ ಸಾಯ್ತಾರೆ, ಎಳೀರಿ!"

ಆಳುಗಳು ಫೊಮ್ಮಿನನ ಮುಖ ನೋಡಿದರು. ಅವನ ಮುಖ ಬೆವರುತ್ತಿತ್ತು. "ಯಾರ ಹಗ್ಗ ಎಳೀಲಿ, ಹೇಳಮ್ಮ?" ಅಂದ ಖುನ್ ಲಾ. "ನೀನೇ ಆರಿಸು."

ನೀರಿಗೆ ಇಳಿದು ನಿಂತೆ. ಒಂದು ಹಗ್ಗ ಎಡಕ್ಕೆ, ಒಂದು ಹಗ್ಗ ಬಲಕ್ಕೆ. ಎರಡರ ಕಡೆಗೂ ಕೈ ಚಾಚಿದೆ, ಯಾವುದನ್ನೂ ಮುಟ್ಟಲಾಗಲಿಲ್ಲ. ಹೆತ್ತವಳು ಎರಡು ಮಕ್ಕಳಲ್ಲಿ ಒಂದನ್ನು ಆರಿಸಲಾರಳು ಅನ್ನುತ್ತಾರೆ. ಆ ಇಬ್ಬರನ್ನು ಹೆರದ ನನಗೂ ಆಗಲಿಲ್ಲ.

ಮಡು ಕಲಕಿತು. ಗೂಟಗಳ ನಡುವೆ ಕೆಸರು ಎದ್ದು ನೀರು ಕೆಂಪಾಯಿತು. ಒಂದು ತಲೆ ಮೇಲೆ ಬಂತು. ಇಂತಾನದು. ಕಣ್ಣು ಮುಚ್ಚಿತ್ತು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಮತ್ತು ಆ ತಲೆಯ ಜುಟ್ಟನ್ನು ಒಂದು ಕೈ ಹಿಡಿದುಕೊಂಡಿತ್ತು. ಅದರ ಹಿಂದೆಯೇ ಬಾಯಿ ಬಿಟ್ಟುಕೊಂಡು ಸೇನ್ ಮೇಲೆ ಬಂದ.

"ಇಂತಾ ಸೋತ!" ಖುನ್ ಲಾ ಎದ್ದು ನಿಂತ. "ಇಂತಾನ ತಲೆ ಮೊದಲು ಬಂತು! ಎಲ್ಲರೂ ನೋಡಿದ್ರಲ್ಲ?"

ಸೇನ್ ನನ್ನ ಗಂಡನನ್ನು ದಡಕ್ಕೆ ಎಳೆದು ತಂದು, ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು ಒತ್ತಿದ. ನೀರು ಬಂತು. ಮತ್ತೆ ಒತ್ತಿದ. "ಕೆಮ್ಮೋ, ಕೆಮ್ಮೋ ಮಾರಾಯ!" ಎಂದು ಬೈಯುತ್ತ ಒತ್ತಿದ. ಇಂತಾ ಕೆಮ್ಮಿದ. ಚಳಿಗಾಲವೆಲ್ಲ ನನ್ನ ನಿದ್ದೆ ಕೆಡಿಸಿದ ದರಿದ್ರ ಕೆಮ್ಮು ಅದು; ಅವತ್ತು ಅದನ್ನು ಕೇಳಿ ನೆಲಕ್ಕೆ ಹಣೆ ಹಚ್ಚಿದೆ.

"ಕಟ್ರೋ ಅವನನ್ನ," ಅಂದ ಖುನ್ ಲಾ.

"ಸೋತಿದ್ದು ನಾನು." ಸೇನನಿಗೆ ಉಸಿರು ಸಾಲುತ್ತಿರಲಿಲ್ಲ. "ತಿಳಿದು ತಿಳಿದು ಗೂಟ ಮೊದಲು ಬಿಟ್ಟಿದ್ದು ನಾನು, ಸ್ವಾಮಿ. ಕೆಳಗೆ ಕಣ್ಣು ಬಿಟ್ಟೆ. ಇವನ ಎರಡೂ ಕೈ ತೇಲ್ತಾ ಇತ್ತು. ಕೈ ಬಿಟ್ಟೋನು ಮೇಲೆ ಹೋಗ್ಬೇಕಲ್ಲ, ಹೋಗ್ತಾ ಇಲ್ಲ. ತಡವಿ ನೋಡಿದ್ರೆ ಸೊಂಟಪಟ್ಟಿಯಿಂದ ಗೂಟಕ್ಕೆ ಬಿಗಿದು ಕಟ್ಕೊಂಡಿದ್ದಾನೆ. ಅಣೆ ಗೂಟಕ್ಕೆ ಹಾಕೋ ಗಂಟು. ನಾವಿಬ್ರೂ ಸೇರಿ ವರ್ಷ ವರ್ಷ ಹಾಕೋ ಗಂಟು, ಅದಕ್ಕೇ ಬಿಚ್ಚೋಕಾಯ್ತು. ಸುಳ್ಳು ಹೇಳೋನು ಹಾಗೆ ಕಟ್ಕೊಳ್ಳಲ್ಲ ಸ್ವಾಮಿ."

ನಾನು ನೋಡಿದೆ. ಇಂತಾನ ಸೊಂಟದಲ್ಲಿ ಪಟ್ಟಿಯ ಒಂದು ತುದಿ ಇನ್ನೂ ಬಿಗಿದಿತ್ತು. ನನ್ನ ಕೈಯಾರೆ ಮಡಚಿ ಕಳಿಸಿದ್ದ ಪಟ್ಟಿ.

"ಕಟ್ಕೊಂಡಿದ್ದೂ ಮೋಸವೇ!" ಅಂದ ಖುನ್ ಲಾ.

"ಸಾಯೋಕೆ ಕಟ್ಕೊಂಡಿದ್ದು ಮೋಸ ಹೆಂಗಾಗುತ್ತಪ್ಪಾ?" ಅಂತ ಗುಂಪಿನಿಂದ ಯಾರೋ ಕೇಳಿದರು.

ಫೊಮ್ಮಿನ್ ಮುದುಕರ ಕಡೆ ತಿರುಗಿದ. "ಹಿರಿಯರೇ, ಕಟ್ಟಳೆ ಏನು? ತಲೆ ಮೊದಲು ಬಂದವನು ಸೋತನೋ, ಗೂಟ ಮೊದಲು ಬಿಟ್ಟವನು ಸೋತನೋ?"

"ತಲೆ," ಅಂದ ಒಬ್ಬ.

"ಗೂಟ," ಅಂದ ಇನ್ನೊಬ್ಬ. "ನಮ್ಮಪ್ಪ ಗೂಟ ಅಂತಲೇ ಹೇಳ್ತಿದ್ದ."

ಮೂರನೆಯವನು ಬಾಯಲ್ಲಿದ್ದ ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿದ. "ಇಷ್ಟು ದಿನ ಎರಡೂ ಒಂದೇ ಆಗಿತ್ತು. ಗೂಟ ಬಿಟ್ಟೋನೇ ಮೇಲೆ ಬರ್ತಿದ್ದ. ಹಿಂಗೆ ಆಗಿದ್ದನ್ನ ನಾವು ಕಂಡಿಲ್ಲ."

"ಹಾಗಾದ್ರೆ ಇಬ್ಬರೂ ಸೋತ್ರು," ಅಂದ ಖುನ್ ಲಾ. ಕೈ ಉಜ್ಜಿಕೊಂಡ. "ಎರಡು ತಲೆ. ಒಡೆಯರು ಇನ್ನೂ ಸಂತೋಷಪಡ್ತಾರೆ. ಕತ್ತಿ ತನ್ನಿ."

ಕತ್ತಿಯವನು ನಿಜಕ್ಕೂ ಎದ್ದ. ಫೊಮ್ಮಿನ್ ಬರೆಯುವ ಕಬ್ಬಿಣದ ಕಂಟವನ್ನು ಓಲೆಯ ಮೇಲೆ ಹಿಡಿದು ಹಾಗೇ ಕೂತಿದ್ದ. ಒಂದಕ್ಷರ ಗೀರಲಿಲ್ಲ. ಆ ಕಂಟ ಒಂದು ಸಲ ಓಲೆಗೆ ತಗುಲಿದರೆ ಆಮೇಲೆ ಅಳಿಸಲು ಆಗುವುದಿಲ್ಲ, ಅದು ನನಗೂ ಗೊತ್ತಿತ್ತು.

ನಾನು ಒದ್ದೆ ಬಟ್ಟೆಯಲ್ಲೇ ನಡೆದು ಚಾಪೆಯ ಮುಂದೆ ನಿಂತೆ.

"ಹೆಂಗಸರು ಹಿಂದೆ," ಅಂದ ಖುನ್ ಲಾ.

"ಹೆಂಗಸಾಗಿ ಬಂದಿಲ್ಲ. ನೀವು ಕರೆದಿದ್ದಕ್ಕೆ ಬಂದಿದ್ದೀನಿ." ಫೊಮ್ಮಿನನ ಕಡೆ ತಿರುಗಿದೆ. "ಫೊಮ್ಮಿನ್ ಅವರೇ, ಬೆಳಿಗ್ಗೆ ಸೇನನ ಮನೆದೈವವನ್ನ ಕರೆದಿರಿ. ಇಂತಾನ ಮನೆದೈವವನ್ನ ಕರೆದಿರಿ. ಅವಳು ಯಾರ ಮನೆಯಲ್ಲಿದ್ದಾಳೆ ಗೊತ್ತಾ? ನನ್ನ ತಲೆದಿಂಬಿನ ಮೇಲಿನ ಹಲಗೆಯಲ್ಲಿ. ಇಬ್ಬರಿಗೂ ಅವಳೊಬ್ಬಳೇ. ಇವನ ಪಕ್ಕ ನಿಲ್ಲು, ಅವನ ಪಕ್ಕ ನಿಲ್ಲು ಅಂತ ನೀವೇ ಅವಳಿಗೆ ಹೇಳಿದಿರಿ. ಅವಳು ನಿಂತಳು. ಇವನನ್ನ ಮುಳುಗಿಸಲಿಲ್ಲ, ಅವನನ್ನ ಮುಳುಗಿಸಲಿಲ್ಲ. ಒಬ್ಬನ ಕೈಯಿಂದ ಇನ್ನೊಬ್ಬನ ಜುಟ್ಟು ಹಿಡಿಸಿ ಇಬ್ಬರನ್ನೂ ದಡಕ್ಕೆ ತಂದಳು. ಈಗ ಕರೆದವಳ ಮಾತು ಬೇಡ, ಕತ್ತಿ ಬೇಕು ಅಂದ್ರೆ, ಇನ್ನು ಮೇಲೆ ಯಾವ ದೈವ ಈ ಮಡುವಿಗೆ ಬರುತ್ತೆ?"

ಹಿಂದಿನಿಂದ ಆ ಮುದುಕಿ, "ನಾನು ಆಗಲೇ ಹೇಳಿದ್ದೆ," ಅಂದಳು.

ಫೊಮ್ಮಿನ್ ಕಂಟ ಕೆಳಗಿಟ್ಟ. ನನ್ನನ್ನಲ್ಲ, ಅಣ್ಣನ ತೊಡೆಯ ಮೇಲೆ ಬಿದ್ದಿದ್ದ ಇಂತಾನನ್ನು ನೋಡಿದ. "ತಪ್ಪು ನನ್ನದು," ಅಂದ. "ಕೇಳದೆ ಕರೆದೆ. ಕರೆದ ಮೇಲೆ ತೀರ್ಪು ಒಪ್ಪಬೇಕು. ನೀರು ಯಾರನ್ನೂ ಸುಳ್ಳ ಅನ್ನಲಿಲ್ಲ. ದೂರು ಬಿತ್ತು. ನಾಟಿ ಮುಗಿಯೋದ್ರೊಳಗೆ ಇಬ್ಬರೂ ಸೇರಿ ಅಣೆ ಕಟ್ಟಿಕೊಡಲಿ."

"ಒಡೆಯರಿಗೆ ನಾನೇನು ಹೇಳ್ಲಿ?" ಖುನ್ ಲಾ ಕೆಂಪಾದ.

"ಬರೆದು ಕೊಡ್ತೀನಿ, ಓದಿ ಹೇಳಿ. ದೊರೆಗೂ ಒಂದು ಪ್ರತಿ ಹೋಗುತ್ತೆ."

ದೊರೆಯ ಹೆಸರು ಬಂದ ಮೇಲೆ ಖುನ್ ಲಾ ಕೂತ. ಕತ್ತಿಯವನೂ ಕೂತ. ಫೊಮ್ಮಿನ್ ಎದ್ದು ಬಂದು ಮಡಕೆಯೊಳಗೆ ಕೈ ಹಾಕಿ ಚಿಪ್ಪನ್ನು ತೆಗೆದ. "ಇದು ಮುಳುಗಿದಾಗ ನೀನು ಕೂಗಿದೆ. ನಾನು ನೋಡ್ದೆ. ಎಳೀರಿ ಅನ್ನೋಕೆ ನನಗೆ ಧೈರ್ಯ ಬರಲಿಲ್ಲ," ಅಂದ ಮೆಲ್ಲಗೆ. ಆ ಸಂಜೆ ಅವನು ಬರೆದ ಓಲೆ ಈಗಲೂ ವಿಹಾರದಲ್ಲಿದೆ: ಇಬ್ಬರು ಮುಳುಗಿದಾಗ ಸಸಿಮಡಿಯ ಚಿಪ್ಪು ತೇಲಿಬಿಡತಕ್ಕದ್ದು, ಅದು ಮುಳುಗಿದರೆ ಇಬ್ಬರನ್ನೂ ಒಟ್ಟಿಗೆ ಎಳೆಯತಕ್ಕದ್ದು, ದೂರು ಬಿತ್ತು. ನಮ್ಮೂರಿನ ಮೊದಲ ಬರೆದ ಕಟ್ಟಳೆ ಅದು. ಮುದುಕರು ಈಗ ಅದು ತಮ್ಮ ಮುತ್ತಾತನ ಕಾಲದ್ದು ಅನ್ನುತ್ತಾರೆ. ಅನ್ನಲಿ.

ಆದರೆ ಅಣ್ಣನಿಗೂ ಗಂಡನಿಗೂ ಮಾತು ಬರಲಿಲ್ಲ. ಜೀವ ಉಳಿಸಿದವನೂ ಅವನೇ, ಜೀವಕ್ಕೆ ಕುತ್ತು ತಂದವನೂ ಅವನೇ, ಏನಂತ ಮಾತಾಡಿಸುವುದು? ಗೂಟ ಕೆತ್ತಿದರು, ಕಲ್ಲು ಹೊತ್ತರು, ಬೆನ್ನಿಗೆ ಬೆನ್ನು ಕೊಟ್ಟು ಉಂಡರು. ಸೇನನ ಕಣ್ಣು ಈಗಲೂ ಆ ಗುದ್ದಲಿಯನ್ನೇ ನೋಡುತ್ತಿತ್ತು. ಊರವರ ಕಣ್ಣೂ ಅಷ್ಟೆ.

ಒಡಕಿನ ಬಾಯಿಯ ಕೆಸರು ತೆಗೆಯುವ ದಿನ ನಾನು ಅನ್ನದ ಬುಟ್ಟಿ ಹೊತ್ತು ಹೋದಾಗ ಇಬ್ಬರೂ ಸೊಂಟದವರೆಗೆ ಹೂತು ಏನನ್ನೋ ಎಬ್ಬಿಸುತ್ತಿದ್ದರು. ತೊಡೆ ಗಾತ್ರದ ತೇಗದ ದಿಮ್ಮಿ. ಒಂದು ತುದಿಯ ಹತ್ತಿರ ಕಾದ ಕಬ್ಬಿಣದಿಂದ ಸುಟ್ಟ ಗುರುತು, ಆನೆಯ ಅಂಕುಶ. ಒಡೆಯನ ಗುರುತು. ಮೇಲೆ ಕಾಡಿನಲ್ಲಿ ಒಡೆಯನ ಹೊಸ ಚಾವಡಿಗೆಂದು ಖುನ್ ಲಾನ ಆಳುಗಳು ಮರ ಕಡಿದು ಹೊಳೆದಂಡೆಯಲ್ಲಿ ಪೇರಿಸಿದ್ದು ಎಲ್ಲರಿಗೂ ಗೊತ್ತಿತ್ತು. ಆ ರಾತ್ರಿಯ ನೆರೆಗೆ ಎಷ್ಟು ಉರುಳಿ ಬಂದು ಅಣೆಗೆ ಗುದ್ದಿ ಒಡೆದವೋ, ಇದೊಂದು ಸಿಕ್ಕಿಕೊಂಡಿತ್ತು. ತಲೆ ಬೇಕು, ಬೇಗ ಬೇಕು ಎಂದು ಅವನು ಯಾಕೆ ಕುಣಿದನೋ, ನಾನು ಹೇಳಬೇಕಿಲ್ಲ.

ದಿಮ್ಮಿ ಮಗುಚಿತು. ಅದರ ಅಡಿಯಲ್ಲಿ ಗೂಟದ ಬುಡಕ್ಕೆ ಬಿಗಿದು ಕಟ್ಟಿದ, ಚಪ್ಪಟೆಯಾದ ಬಿದಿರಿನ ಬುಟ್ಟಿ.

ಸೇನ್ ಅದನ್ನು ಬಿಚ್ಚಿ ಕೈಗೆ ತೆಗೆದುಕೊಂಡ. ಆ ಗಂಟನ್ನು ಅವನು ನೋಡಿದ, ಇಂತಾನನ್ನು ನೋಡಿದ, ಆಮೇಲೆ ಕೆಸರಿನಲ್ಲೇ ಕುಸಿದು ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಇಂತಾ ಅವನ ಹೆಗಲ ಮೇಲೆ ಕೈ ಇಟ್ಟ. ನೀರು ಕುಡಿದು ಕೆಟ್ಟ ಗಂಟಲು, ಪಿಸುಮಾತಿನಷ್ಟೇ ಹೊರಡುತ್ತಿತ್ತು.

"ಮೀನು ಬಿದ್ದಿದ್ಯಾ ನೋಡು ಭಾವ."

"ಇದನ್ನ ಹೊತ್ಕೊಂಡು ಹೋಗಿ ವಿಹಾರದ ಅಂಗಳದಲ್ಲಿ ಹಾಕ್ತೀನಿ," ಅಂದ ಸೇನ್. "ಊರೆಲ್ಲ ನೋಡ್ಲಿ."

"ಆಮೇಲೆ? ಒಡೆಯನ ಎದುರು ಯಾರು ಮುಳುಗ್ತಾರೆ? ನೀನಾ, ನಾನಾ?"

ಅಣ್ಣ ದಿಮ್ಮಿಯ ಗುರುತಿನ ಮೇಲೆ ಕೈ ಆಡಿಸಿದ. ನನ್ನ ಕಡೆ ನೋಡಿದ. ಅಂದು ಚಾಪೆಯ ಮುಂದೆ ಅಷ್ಟು ಮಾತಾಡಿದ್ದ ನಾನೂ ತಲೆ ತಗ್ಗಿಸಿದೆ. ಫೊಮ್ಮಿನ್ ಮುಂದಿನ ಊರಿಗೆ ಹೋಗಿ ಆಗಿತ್ತು, ಮತ್ತು ಅವನ ಓಲೆಯಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ. ಇಂದಿಗೂ ಇಲ್ಲ. ಹೊಟ್ಟೆ ಉರಿಯುತ್ತದೆ, ಆದರೆ ಇಲ್ಲ.

ದಿಮ್ಮಿಯ ತುದಿ ಚೂಪು ಮಾಡಿದರು. ಅಂಕುಶದ ಗುರುತನ್ನು ಕೆಳಗೆ ಮಾಡಿ ಒಡಕಿನ ನಡುವೆ ನಿಲ್ಲಿಸಿದರು. ಇಂತಾ ಎರಡೂ ಕೈಯಿಂದ ಗೂಟ ತಬ್ಬಿ ಹಿಡಿದ, ಸೇನ್ ಕೊಡತಿ ಎತ್ತಿದ.

"ಬಿಡ್ತೀಯೇನೋ?" ಎಂದು ಕೇಳಿ ಒಂದು ಏಟು ಹಾಕಿದ.

"ಬಿಡಲ್ಲ," ಅಂದ ನನ್ನ ಗಂಡ.

"ಈಗ ಬಿಡ್ತೀಯಾ?"

"ಬಿಡಲ್ಲ ಭಾವ, ಹೊಡಿ."

ಒಂದೊಂದು ಏಟಿಗೂ ಕೇಳುವುದು, ಹೇಳುವುದು, ಒಡೆಯನ ಗುರುತು ಕೆಸರಿನೊಳಗೆ ಇಳಿಯುವುದು. ಅನ್ನದ ಬುಟ್ಟಿಯನ್ನು ಕಲ್ಲಿನ ಮೇಲಿಟ್ಟು ನಾನು ಅತ್ತುಬಿಟ್ಟೆ. ಆಮೇಲೆ ಇಬ್ಬರನ್ನೂ ಊಟಕ್ಕೆ ಕರೆದೆ.